ಬಾಜೂ ಮನೆಯವರ ಬೆಕ್ಕು

ಕಳೆದ ಶೀಗಿ ಹುಣ್ಣಿಮೆಗೆ ಮುಂಚಿನ ವಾರ, ಸೋಮವಾರ ಬೆಳಿಗ್ಗೆ, ಮೊರಬದಿಂದ ಹುಬ್ಬಳ್ಳಿಗೆ ಹೋಗುವ ಮೊದಲ ಬಸ್ಸಿನಲ್ಲಿ ನಾನು ಒಂದು ಹೆಣ್ಣು ಬೆಕ್ಕನ್ನು ಗಂಡಿನ ಮನೆಗೆ ಕರೆದುಕೊಂಡು ಹೋದೆ. ಗಂಡಿನ ಮನೆ ಕಲಘಟಗಿಯಲ್ಲಿತ್ತು. ಬೆಕ್ಕಿನ ಹೆಸರು ಬೆಣ್ಣಿ. ಬಿಳಿ ಬಣ್ಣ, ಉದ್ದ ಕೂದಲು, ಚಪ್ಪಟೆ ಮೂಗು.

ನಾನು ನವಲಗುಂದ ತಾಲ್ಲೂಕಿನ ಸುದ್ದಿಯನ್ನು ಹುಬ್ಬಳ್ಳಿಯ ಒಂದು ಪತ್ರಿಕೆಗೆ ಕಳಿಸುತ್ತ ತಲೆ ಹಣ್ಣಾದವನು. ಯಾರು, ಏನು, ಎಲ್ಲಿ, ಯಾವಾಗ ಎಂಬ ನಾಲ್ಕು ಗೊತ್ತಾಗದೆ ಎರಡು ಸಾಲಿನ ನಿಧನವಾರ್ತೆಯನ್ನೂ ಕಳಿಸಿದವನಲ್ಲ. ಅದಕ್ಕೇ ಮೊದಲ ಪ್ಯಾರಾದಲ್ಲಿ ನಾಲ್ಕನ್ನೂ ಕೊಟ್ಟಿದ್ದೇನೆ. ಆದರೆ ಇದೇ ನಾಲ್ಕರಲ್ಲಿ ಕೊನೆಯದನ್ನು ಒಬ್ಬರು ಡಾಕ್ಟರು ಕೇಳಿದಾಗ ನನ್ನ ಬಾಯಿಂದ ಅದು ಬರಲಿಲ್ಲ.

ಇದನ್ನು ಬರೆಯುವ ಯೋಚನೆ ಇರಲಿಲ್ಲ. ಮೊನ್ನೆ ತಾಲ್ಲೂಕು ಕಚೇರಿಯ ಸುದ್ದಿಗೋಷ್ಠಿಯಲ್ಲಿ ಕುಳಿತಿದ್ದಾಗ ನನ್ನ ಕರಿ ಪ್ಯಾಂಟಿನ ಮೇಲೆ ಒಂದು ಬಿಳಿ ಕೂದಲು ಕಂಡಿತು. ನನ್ನದಲ್ಲ, ನನ್ನವು ಅಷ್ಟು ಉದ್ದವೂ ಇಲ್ಲ, ಅಷ್ಟು ಚೆಂದವೂ ಇಲ್ಲ. ಅತ್ತಿತ್ತ ನೋಡಿ, ಯಾರೂ ಗಮನಿಸುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಅದನ್ನು ಕೊಡವಿದೆ. ಕೊಡವಿದ ಮೇಲೆ, ಇಷ್ಟೆಲ್ಲ ಆದ ಮೇಲೂ ಕೈ ಹಾಗೇ ಮಾಡಿತಲ್ಲ ಎಂದು ಕೈಯನ್ನೇ ನೋಡುತ್ತ ಕುಳಿತೆ. ಅಂದಿನ ಸುದ್ದಿಗೋಷ್ಠಿಯಲ್ಲಿ ಏನು ಹೇಳಿದರೆಂಬುದನ್ನು ಇನ್ನೊಂದು ಪತ್ರಿಕೆಯವರಿಂದ ತಿಳಿದುಕೊಳ್ಳಬೇಕಾಯಿತು.

ನಾವು ಸಣ್ಣವರಿದ್ದಾಗ ಮೊರಬದಲ್ಲಿ ಬೆಕ್ಕುಗಳಿದ್ದವು, ಬೆಕ್ಕಿನ ಮಾಲೀಕರಿರಲಿಲ್ಲ. ಎತ್ತು ಯಾರದೆಂದರೆ ಹೆಸರು ಹೇಳುತ್ತಿದ್ದರು. ನಾಯಿ ಯಾರದೆಂದರೆ ಓಣಿಯನ್ನಾದರೂ ಹೇಳುತ್ತಿದ್ದರು. ಬೆಕ್ಕು ಯಾರದೆಂದರೆ ಊರಿಗೆಲ್ಲ ಒಂದೇ ಉತ್ತರ: “ಬಾಜೂ ಮನಿಯವರದು.” ನಮ್ಮ ಒಲೆಯ ಬೆಚ್ಚಗಿನ ಬೂದಿಯಲ್ಲಿ ಮಲಗಿ ಎದ್ದು, ಅವ್ವ ಒಗೆದ ರೊಟ್ಟಿ ಚೂರು ತಿಂದು, ನನ್ನ ಕೌದಿಯೊಳಗೆ ಹೊರಳಾಡಿದ ಬೆಕ್ಕೇ ಪಕ್ಕದ ಮನೆಯ ಹಾಲಿಗೆ ಬಾಯಿ ಹಾಕಿದರೆ, ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದು, “ನಮ್ಮದಲ್ಲಬೇ ಯವ್ವಾ, ಆ ಬಾಜೂದವರದು” ಎನ್ನುತ್ತಿದ್ದಳು. ಆ ಬಾಜೂದವರು ಅದರಾಚೆಯವರ ಕಡೆ ಕೈ ತೋರಿಸುತ್ತಿದ್ದರು. ಹೀಗೆ ಬೆಕ್ಕು ಓಣಿಯನ್ನೆಲ್ಲ ಸುತ್ತಿ ಸಂಜೆಗೆ ನಮ್ಮ ಬೂದಿಗೇ ಬಂದು ಮಲಗುತ್ತಿತ್ತು. ಅದೇ ಬೆಕ್ಕು ಇಲಿ ಹಿಡಿದ ದಿನ ಮಾತ್ರ ಮೂರು ಮನೆಯವರು ನಮ್ಮದು ಎನ್ನುತ್ತಿದ್ದರು.

ಇದರ ಹಿಂದೆ ಒಂದು ಭಯವೂ ಇತ್ತು. ಬೆಕ್ಕು ಕೊಂದ ಪಾಪಕ್ಕೆ ಬಂಗಾರದ ಬೆಕ್ಕು ಮಾಡಿಸಿ ಕಾಶಿಗೆ ಕೊಡಬೇಕೆಂಬ ಮಾತು ಎಲ್ಲರ ಕಿವಿಗೂ ಬಿದ್ದಿತ್ತು. ಬಂಗಾರ ಯಾರ ಮನೆಯಲ್ಲೂ ಇರಲಿಲ್ಲ. ಆದ್ದರಿಂದ ಬೆಕ್ಕೂ ಯಾರ ಮನೆಯಲ್ಲೂ ಇರಲಿಲ್ಲ. ಒಮ್ಮೆ ಕಳ್ಳಬೆಕ್ಕೊಂದನ್ನು ಅವ್ವ ಗೋಣಿಚೀಲದಲ್ಲಿ ಹಾಕಿ, ಹಳ್ಳದ ಆಚೆ ಬಿಟ್ಟು ಬಾ ಎಂದು ಅಪ್ಪನನ್ನು ಕಳಿಸಿದಳು. ಅಪ್ಪ ಹಾದಿಯಲ್ಲಿ ಸಿಕ್ಕವರೊಡನೆ ಚಹಾ ಕುಡಿದು ಮನೆಗೆ ಬರುವಷ್ಟರಲ್ಲಿ ಬೆಕ್ಕು ಕಟ್ಟೆಯ ಮೇಲೆ ಕುಳಿತು ಮೈ ನೆಕ್ಕಿಕೊಳ್ಳುತ್ತಿತ್ತು. “ನಿಮಗಿಂತ ಅದಕ್ಕ ಮನಿ ಮ್ಯಾಲ ಹೆಚ್ಚು ಲಕ್ಷ್ಯ ಐತಿ” ಎಂದಳು ಅವ್ವ. ಆದರೂ ನಮ್ಮದು ಎನ್ನಲಿಲ್ಲ.

ಇನ್ನು ಅಕ್ಕನ ವಿಷಯ. ನನ್ನ ಅಕ್ಕ ಗಂಗವ್ವ ನನಗಿಂತ ಆರು ವರ್ಷ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ಮೊರಬಕ್ಕೆ ಬಂದು ಹೊಲಿಗೆ ಯಂತ್ರ ಹಾಕಿದಳು. ನಾನು ಮದುವೆಯಾಗಲಿಲ್ಲ; ಅದು ಈ ಬರಹದ ವಿಷಯವಲ್ಲ. ಮನೆಯಲ್ಲಿ ನಾವಿಬ್ಬರೇ. ಊರಿನ ಅರ್ಧ ಹೆಂಗಸರ ಜಂಪರು ಅಕ್ಕನ ಕೈಯಿಂದ ಹೋದವು. ಎರಡು ವರ್ಷದ ಹಿಂದೆ ಮೊಣಕಾಲು ಬಾತು, ಯಂತ್ರ ತುಳಿಯುವುದನ್ನು ಬಿಡಬೇಕೆಂದು ಡಾಕ್ಟರು ಹೇಳಿದರು. ಅಕ್ಕ ಯಂತ್ರಕ್ಕೆ ಒಂದು ಹಳೆಯ ಸೀರೆ ಹೊದಿಸಿ, ಅದರ ಪಕ್ಕದಲ್ಲೇ ಕುಳಿತುಕೊಳ್ಳತೊಡಗಿದಳು. ಬಂದವರಿಗೆಲ್ಲ, “ಕುಂತು ಉಣ್ಣೂದು ಆಗವಲ್ದು ನನಗ” ಎನ್ನುತ್ತಿದ್ದಳು.

ಅಷ್ಟರಲ್ಲಿ ಬೆಣ್ಣಿ ಬಂತು. ಹುಬ್ಬಳ್ಳಿ ಕಚೇರಿಯ ಸಹೋದ್ಯೋಗಿಯೊಬ್ಬ ವರ್ಗವಾಗಿ ಹೋಗುವಾಗ ಹದಿನೈದು ದಿನದ ಮಟ್ಟಿಗೆಂದು ಬಿಟ್ಟುಹೋದ. ಆಮೇಲೆ ಅವನು ಬೆಕ್ಕನ್ನು ಬಿಟ್ಟು ಉಳಿದೆಲ್ಲದರ ಬಗ್ಗೆ ಫೋನಿನಲ್ಲಿ ವಿಚಾರಿಸಿದ. ಬೆಣ್ಣಿ ಅಕ್ಕನ ತೊಡೆ ಹಿಡಿಯಿತು. ಒಂದು ದಿನ ಅಕ್ಕ ರೊಟ್ಟಿ ಬಡಿಯುತ್ತ ಹೇಳಿದಳು:

“ಲೇ ತಮ್ಮಾ, ಮಂದಿ ಕುರಿ ಸಾಕತಾರ, ಕೋಳಿ ಸಾಕತಾರ. ನಾ ಬೆಕ್ಕಿನ ಮರಿ ಮಾಡಿಸಿ ಕೊಟ್ರ ಏನಾತು? ಇಂಥಾ ಮರಿ ಹುಬ್ಬಳ್ಳ್ಯಾಗ ಹುಡುಕ್ಕೊಂಡು ಬಂದು ಒಯ್ತಾರಂತ.”

“ಊರ ಮಂದಿ ನಗತಾರಕ್ಕಾ.”

“ನಗಲಿ. ನಾ ಹೊಲಿಗಿ ಕಲಿಯೂವಾಗೂ ನಕ್ಕಿದ್ರು. ಆಮ್ಯಾಲ ಅವರ ಜಂಪರ್ ಅಳತಿ ನಾನಽ ತಗೊಂಡೆ.”

“ಬ್ಯಾರೆ ಏನರ ಮಾಡು.”

“ಬ್ಯಾರೆ ಎಲ್ಲಾದಕ್ಕೂ ಮೊಣಕಾಲು ಬೇಕೋ. ಇದಕ್ಕ ತೊಡಿ ಇದ್ರ ಸಾಕು.”

ಅಕ್ಕನಿಗೆ ಮತ್ತೆ ಒಂದು ಕೆಲಸ ಬೇಕಾಗಿತ್ತು. ಅದು ಬೆಣ್ಣಿಯ ಹೊಟ್ಟೆಯಿಂದ ಬರಬೇಕಾಗಿತ್ತು.

ಊರಲ್ಲಿ ಆಕಳು ಬೆದೆಗೆ ಬಂದರೆ ಹಾಡಹಗಲೇ ಹೋರಿಯ ಕಡೆ ಹೊಡೆದುಕೊಂಡು ಹೋಗುತ್ತಾರೆ. ಹಾದಿಯಲ್ಲಿ ಯಾರು ಕೇಳಿದರೂ ಇದ್ದದ್ದನ್ನು ಇದ್ದಂತೆ ಹೇಳುತ್ತಾರೆ. ಕೃತಕ ಗರ್ಭಧಾರಣೆ ಶಿಬಿರದ ಸುದ್ದಿಯನ್ನು ನಾನೇ ಫೋಟೋ ಸಮೇತ ಬರೆದಿದ್ದೇನೆ. ಆಕಳಿನ ವಿಷಯದಲ್ಲಿ ಇಲ್ಲದ ನಾಚಿಕೆ ಬೆಕ್ಕಿನ ವಿಷಯದಲ್ಲಿ ಎಲ್ಲಿಂದ ಬಂತೋ ಗೊತ್ತಿಲ್ಲ. ಬೆಣ್ಣಿ ಬೆದೆಗೆ ಬಂದು ನೆಲಕ್ಕೆ ಮೈ ಉಜ್ಜುತ್ತ ಕೂಗತೊಡಗಿದಾಗ ನಾನು ಕಿಟಕಿ ಮುಚ್ಚಿದೆ. ಆ ಕೂಗು ಕಿಟಕಿಗೆ ನಿಲ್ಲುವಂಥದ್ದಲ್ಲ. ಮರುದಿನ ಪಕ್ಕದ ಮನೆಯ ನಾಗಪ್ಪ, ಟ್ರ್ಯಾಕ್ಟರು ಒರೆಸುತ್ತ ನಿಂತಿದ್ದವನು, ನನ್ನನ್ನು ಕರೆದ.

“ವರದಿಗಾರ್ರ, ನಿಮ್ಮ ಮನ್ಯಾಗ ಕೂಸು ಅಳತೈತಲ್ರಿ?”

“ಕೂಸಲ್ಲೋ ನಾಗಪ್ಪಾ, ಬೆಕ್ಕು.”

“ನಿಮ್ಮದೇನ್ರಿ?”

“ಏ, ಬಾಜೂ ಮನಿಯವರದು.”

ನಾಗಪ್ಪ ಕೈಯಲ್ಲಿದ್ದ ಅರಿವೆ ಹಿಂಡಿದ. “ಬಾಜೂ ಮನಿ ಅಂದ್ರ ನಾನಽ ಅಲ್ರಿ?”

“ಆ ಬಾಜೂ” ಎಂದೆ. ಆ ಬಾಜೂ ಇರುವುದು ಸೊಸೈಟಿಯ ಗೋದಾಮು. ನಾಗಪ್ಪನಿಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಅವನ ಗೊಬ್ಬರದ ಚೀಲಗಳು ಬರುವುದು ಅಲ್ಲಿಂದಲೇ. “ಹೌದೇನ್ರಿ” ಎಂದು ಮತ್ತೆ ಟ್ರ್ಯಾಕ್ಟರು ಒರೆಸತೊಡಗಿದ.

ಕಲಘಟಗಿಯ ಜೈಬುನ್ನಿಸಾ ಟೀಚರ್ ಅವರ ನಂಬರನ್ನು ಸಹೋದ್ಯೋಗಿಯೇ ಕೊಟ್ಟಿದ್ದ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ, ಮನೆಯಲ್ಲಿ ಈ ಜಾತಿಯ ಬೆಕ್ಕು ಸಾಕುತ್ತಾರೆ. ಅವರ ಗಂಡು ಬೆಕ್ಕಿನ ಹೆಸರು ಸಕ್ರಿ. ಫೋನು ಹಚ್ಚಿದವನು ನಾನು, ಪ್ರಶ್ನೆ ಕೇಳಿದವರು ಅವರು. ಇಷ್ಟು ವರ್ಷದಲ್ಲಿ ನನಗೆ ಹಾಗಾದದ್ದು ಅದೇ ಮೊದಲು.

“ಹೆಣ್ಣಿಗೆ ವರ್ಷ ತುಂಬೈತ್ರಿ?”

“ತುಂಬೈತ್ರಿ ಮೇಡಂ.”

“ಬೆದಿಗೆ ಬಂದಿದ್ದು ಇದಽ ಮೊದಲೋ, ಹಿಂದೂ ಬಂದಿತ್ತೋ?”

ಪರಸ್ತ್ರೀಯೊಬ್ಬರ ಜೊತೆ ಇಂಥ ಮಾತು ಆಡಿ ಅಭ್ಯಾಸವಿಲ್ಲದ ನಾನು, “ಹಿಂದೆಯೂ ಇಂಥ ಘಟನೆ ನಡೆದಿತ್ತು” ಎಂದು ಪತ್ರಿಕೆಯ ಭಾಷೆಯಲ್ಲಿ ಹೇಳಿದೆ.

“ಚಲೋ ಆತು. ಮೊದಲನೇ ಸಲಕ್ಕ ತರಬಾರದು, ಅದಿನ್ನೂ ಕೂಸು ಇರತೈತಿ. ಲಸಿಕಿ ಹಾಕ್ಸೀರಿ? ಜಂತಿನ ಔಷಧ? ರಕ್ತ ತಪಾಸಣಿ?”

“ರಕ್ತ ಯಾಕ್ರಿ?”

“ಯಾಕಂದ್ರ? ನಿಮ್ಮ ಹುಡುಗಿ ರೋಗ ನನ್ನ ಹುಡುಗಗ ಹತ್ತಬೇಕೇನ್ರಿ? ನನ್ನ ಹುಡುಗಂದೂ ಕಾಗದಾ ತೋರಸ್ತೇನಿ, ನೀವೂ ತೋರಸ್ರಿ. ಅದಾದ ಮ್ಯಾಲ ಮಾತು.”

ಆ ಸಲದ ಬೆದೆ ರಕ್ತ ತಪಾಸಣೆಯಲ್ಲೇ ಮುಗಿಯಿತು. ಹುಬ್ಬಳ್ಳಿಯ ಕ್ಲಿನಿಕ್ಕಿನೊಳಗೆ ಬೆಣ್ಣಿಯನ್ನು ಅಕ್ಕನೇ ಒಯ್ದಳು. ನಾನು ಎದುರಿನ ಚಹಾದಂಗಡಿಯಲ್ಲಿ ಪ್ರತಿಸ್ಪರ್ಧಿ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕುಳಿತಿದ್ದೆ. ಎರಡು ವಾರ ಬಿಟ್ಟು ಬೆಣ್ಣಿ ಮತ್ತೆ ಕೂಗಿತು. ಆಗ ಅಕ್ಕ ಒಂದು ಹೊಸ ತಕರಾರು ತೆಗೆದಳು. ಹೆಣ್ಣನ್ನು ಹೊತ್ತುಕೊಂಡು ಗಂಡಿನ ಮನೆ ಬಾಗಿಲಿಗೆ ಹೋಗುವುದು ಎಲ್ಲಿಯ ಪದ್ಧತಿ? ಗಂಡಿನವರು ಬರಬೇಕು, ಅವಲಕ್ಕಿ ಚಹಾ ಮಾಡಿ ಕೊಡೋಣ. ಇದನ್ನು ಆಕೆ ಫೋನಿನಲ್ಲಿ ಟೀಚರಿಗೇ ಹೇಳಿದಳು.

“ಗಂಗವ್ವಾರ, ಇವುರ ಪದ್ಧತಿ ಉಲ್ಟಾ ಅದರಿ” ಎಂದರು ಟೀಚರ್. “ಗಂಡು ಪರರ ಮನಿಗೆ ಬಂದ್ರ ತಿಜೋರಿ ಹಿಂದ ಹೊಕ್ಕು ಕುಂದರತೈತಿ. ನಿಮ್ಮ ಹುಡುಗಿ ಅದಕ್ಕ ಬಡದು ಕಳಸತೈತಿ. ತನ್ನ ಮನ್ಯಾಗಿದ್ರಽ ಗಂಡಿಗೆ ಧೈರ್ಯಾ.”

“ಹಂಗಾದ್ರ ನಮ್ಮ ಗಂಡಸರಂಗನಽ ಬಿಡ್ರಿ” ಎಂದಳು ಅಕ್ಕ. ಇಬ್ಬರೂ ಬಹಳ ಹೊತ್ತು ನಕ್ಕರು. ನಾನು ಪಕ್ಕದಲ್ಲೇ ಇದ್ದೆ.

ಟೀಚರದು ಒಂದೇ ಷರತ್ತು. “ದುಡ್ಡು ಬ್ಯಾಡ. ಹುಟ್ಟಿದ್ರಾಗ ನಾ ಆರಿಸಿದ ಒಂದು ಮರಿ ನಂದು. ಒಂದಽ ಹುಟ್ಟಿದ್ರೂ ಅದು ನಂದು.”

“ಕಬೂಲ್ ರಿ” ಎಂದಳು ಅಕ್ಕ.

ಅಷ್ಟರಲ್ಲಿ ಅಕ್ಕನ ಮೊಣಕಾಲು ಮತ್ತೆ ಬಾತು, ಬಸ್ಸು ಹತ್ತುವಂತಿರಲಿಲ್ಲ. ಹಾಗಾಗಿ ಅವ್ವ ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದ ಮುಚ್ಚಳದ ಬುಟ್ಟಿಯಲ್ಲಿ ಬೆಣ್ಣಿಯನ್ನು ಇಟ್ಟುಕೊಂಡು ನಾನು ಹೊರಟೆ. ಬಸ್ಸಿನಲ್ಲಿ ನಾಗಪ್ಪ ಸಿಕ್ಕ. ಬುಟ್ಟಿ ನೋಡಿ, “ಬುತ್ತಿ ಏನ್ರಿ?” ಎಂದ. ಹೂಂ ಎಂದೆ. ಅಣ್ಣಿಗೇರಿ ಕಡೆಯ ಹಾದಿ ಕೂಡುವಲ್ಲಿ ಬಸ್ಸು ಕುಲುಕಿದಾಗ ಬುಟ್ಟಿ ಮ್ಯಾಂವ್ ಎಂದಿತು. ನಾಗಪ್ಪ ಮುಂದೆ ನೋಡುತ್ತಲೇ, “ಪಲ್ಯೆ ಭಾಳ ತಾಜಾ ಐತ್ರಿ” ಎಂದ. ಹಿಂದಿನ ಸೀಟಿನವರೂ ನಕ್ಕರು. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸುವಾಗ ಬುಟ್ಟಿಯ ಮೇಲೆ ಟವೆಲ್ಲು ಹೊದಿಸಿದೆ.

ಟೀಚರ ಮನೆಯ ಪಡಸಾಲೆಯಲ್ಲಿ ಆ ಊರಿನ ಬಣ್ಣದ ತೊಟ್ಟಿಲೊಂದು ತೂಗುಬಿದ್ದಿತ್ತು. ಮಕ್ಕಳು ದೊಡ್ಡವರಾದ ಮೇಲೆ ಅದನ್ನು ಬೆಕ್ಕುಗಳು ಹಿಡಿದುಕೊಂಡಿದ್ದವು. ಸಕ್ರಿಗೆ ಬೇರೆಯೇ ಕೋಣೆ. ದಪ್ಪ ತಲೆ, ಬೂದು ಬಣ್ಣ, ತನ್ನ ಮನೆಯೆಂಬ ಗತ್ತು. ಬಾಗಿಲು ತೆರೆದೊಡನೆ ಬಂದ ವಾಸನೆಯಿಂದ ಒಂದು ವಿಷಯ ತಿಳಿಯಿತು: ಈ ಕೆಲಸಕ್ಕೆ ಇಳಿಯುವವರು ಮೊದಲ ದಿನವೇ ಗಂಡು ಬೆಕ್ಕು ಸಾಕಬಾರದು, ಅದು ಗೋಡೆ ಗೋಡೆಗೂ ತನ್ನ ಗುರುತು ಹೊಡೆಯುತ್ತದೆ. ಬೆಣ್ಣಿ ಮಲಗುತ್ತಿದ್ದ ಹಾಸಿಗೆ ಬಟ್ಟೆಯನ್ನು ತರಬೇಕೆಂದು ಟೀಚರ್ ಮೊದಲೇ ಹೇಳಿದ್ದರು. ಪರಸ್ಥಳದಲ್ಲಿ ಮನೆಯ ವಾಸನೆ ಇದ್ದರೆ ಹೆಣ್ಣು ಹೆದರುವುದಿಲ್ಲವಂತೆ. ಉಗುರು ಕತ್ತರಿಸಿದ್ದು ನೋಡಿದರು, ಕಿವಿ ನೋಡಿದರು, ಕಾಗದ ನೋಡಿದರು. ಎಲ್ಲ ಆದ ಮೇಲೆ ನನ್ನನ್ನು ನೋಡಿದರು.

“ನೀವು ಹೊರಗ ಚಹಾ ಕುಡೀರಿ. ಇಲ್ಲಿ ನಿಂತು ವರದಿ ಬರಿಯೂವಂಥಾದ್ದು ಏನೂ ಇಲ್ಲ.”

ಬೆಣ್ಣಿ ಅಲ್ಲಿ ಗುರುವಾರದವರೆಗೆ ಇತ್ತು. ಮಂಗಳವಾರ ಮತ್ತು ಬುಧವಾರ ಟೀಚರ್ ಫೋನು ಮಾಡಿ ಕೆಲಸ ಆಯಿತೆಂದರು. ಬುಧವಾರ ನಾನು ಒಂದು ಸರಕಾರಿ ಸಭೆಯಲ್ಲಿದ್ದೆ. “ದಿನಾ ನೆನಪಿಡ್ರಿ. ಮಂಗಳವಾರ, ಬುಧವಾರ. ಹೆರಿಗಿ ವ್ಯಾಳ್ಯಾದಾಗ ಏನರ ತ್ರಾಸ ಆದ್ರ ಡಾಕ್ಟರು ಮೊದಲು ಕೇಳೂದು ಅದನಽ” ಎಂದರು. “ಮಾಹಿತಿ ಖಚಿತಪಡಿಸಿದ್ದಕ್ಕೆ ಧನ್ಯವಾದ ಸರ್” ಎಂದು ಫೋನಿಟ್ಟೆ. ಅವರು ಅದನ್ನು ಅಕ್ಕನಿಗೆ ಹೇಳಿದರೆಂದು ಆಮೇಲೆ ಗೊತ್ತಾಯಿತು.

ಮನೆಗೆ ತಂದ ಮೇಲೆ ಎರಡು ವಾರ ಹೊರಗೆ ಬಿಡಬಾರದೆಂಬ ಆಜ್ಞೆಯಿತ್ತು. ಊರಿನ ಗಂಡು ಬೆಕ್ಕು ಬಂದರೆ ಒಂದೇ ಹೆರಿಗೆಯಲ್ಲಿ ಇಬ್ಬರು ಅಪ್ಪಂದಿರ ಮರಿ ಹುಟ್ಟಬಹುದಂತೆ. ಇದನ್ನು ಕೇಳಿ ನಾನು ಎದ್ದು ಹೊರಗೆ ಹೋದೆ. ಅಕ್ಕ ಎದ್ದು ಹಿತ್ತಲ ಬಾಗಿಲು ಹಾಕಿದಳು. ಈ ಎರಡರಲ್ಲಿ ಯಾವುದು ಬೆಕ್ಕಿನ ಉಪಯೋಗಕ್ಕೆ ಬಂತೆಂದು ಹೇಳಬೇಕಿಲ್ಲ.

ಅಕ್ಕ ದಿನ ಎಣಿಸಲಿಲ್ಲ, ಹುಣ್ಣಿಮೆ ಎಣಿಸಿದಳು. ಶೀಗಿ ಹುಣ್ಣಿಮೆ, ಗೌರಿ ಹುಣ್ಣಿಮೆ, ಹೊಸ್ತಿಲ ಹುಣ್ಣಿಮೆ. ಬೆಕ್ಕು ಒಂಬತ್ತು ವಾರದ ಆಚೀಚೆ ಹೊರುತ್ತದೆ. ಹೊಸ್ತಿಲ ಹುಣ್ಣಿಮೆಯ ಹೊತ್ತಿಗೆ ಬೆಣ್ಣಿಗೆ ದಿನ ತುಂಬಬೇಕು. ಆಕಳ ಹಾಲು ಕೊಡುವುದನ್ನು ನಿಲ್ಲಿಸಿದಳು, ಅದು ಬೆಕ್ಕಿಗೆ ಹೊಟ್ಟೆ ಕೆಡಿಸುತ್ತದೆಂದು ಟೀಚರ್ ಹೇಳಿದ್ದರು. ಮನುಷ್ಯರ ಜ್ವರದ ಗುಳಿಗೆ ಬೆಕ್ಕಿಗೆ ವಿಷವೆಂದು ಕೇಳಿ, ನನ್ನ ಗುಳಿಗೆಗಳನ್ನೆಲ್ಲ ಮೇಲಿನ ಗೂಡಿಗೆ ಎಸೆದಳು. ಕತ್ತಲೆ ಮೂಲೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆಯಿಟ್ಟು, ಹೊಲಿಗೆ ಯಂತ್ರಕ್ಕೆ ಹೊದಿಸಿದ್ದ ಸೀರೆಯನ್ನು ತೆಗೆದು ಅದರೊಳಗೆ ಹಾಸಿದಳು. ಯಂತ್ರ ಬಯಲಾಯಿತು. “ಹಳೇ ಹತ್ತಿ ಸೀರಿ ಮೆತ್ತಗಿರತೈತಿ” ಎಂದಳು. ಆ ವಾರಗಳಲ್ಲಿ ಅಕ್ಕ ಕುಂತು ಉಣ್ಣುವ ಮಾತು ಆಡಿದ್ದನ್ನು ನಾನು ಕೇಳಲಿಲ್ಲ.

ಹೊಸ್ತಿಲ ಹುಣ್ಣಿಮೆ ಬಂತು, ಹೋಯಿತು. ನಾಲ್ಕು ದಿನ ಕಳೆದರೂ ಮರಿಯಿಲ್ಲ. ಬೆಣ್ಣಿ ತಿನ್ನಲಿಲ್ಲ, ಪೆಟ್ಟಿಗೆಯೊಳಗೆ ಎದ್ದು ತಿರುಗಿ ಮತ್ತೆ ಮಲಗುತ್ತಿತ್ತು. ಅಕ್ಕನ ಮೊಣಕಾಲು ಅಂದು ನೆಲಕ್ಕೆ ಊರುವಂತಿರಲಿಲ್ಲ.

“ಡಾಕ್ಟರ ಕಡೆ ಒಯ್ಯೋ ತಮ್ಮಾ. ದಿನಾ ಹೇಳು. ಶೀಗಿ ಹುಣ್ಣಿಮಿ ಹಿಂದಿನ ವಾರ, ಮಂಗಳವಾರ ಬುಧವಾರ.”

ನಾನು ಗಾಡಿಯ ಮೇಲೆ ಬುಟ್ಟಿಯಿಟ್ಟುಕೊಂಡು ದನದ ದವಾಖಾನೆಗೆ ಹೋದೆ. ಅಲ್ಲಿ ಎತ್ತು, ಎಮ್ಮೆ, ಆಡುಗಳ ಸಾಲು. ಸಾಲಿನಲ್ಲಿ ನಾಗಪ್ಪ, ಕೋಡು ಮುರಿದ ಎಮ್ಮೆಯೊಡನೆ. ಕಟ್ಟೆಯ ಮೇಲೆ ಊರ ರಾಜಕೀಯದ ಇಬ್ಬರು ಹಿರಿಯರು, ನಾನು ವರ್ಷಗಟ್ಟಲೆ ಪ್ರಶ್ನೆ ಕೇಳಿ ಬೆವರಿಳಿಸಿದವರು. ಡಾಕ್ಟರು ಬೆಣ್ಣಿಯ ಹೊಟ್ಟೆ ಮುಟ್ಟಿ ನೋಡಿ, ಗದ್ದಲದ ನಡುವೆ ಕೇಳಿಸಲೆಂದು ಗಟ್ಟಿಯಾಗಿಯೇ ಕೇಳಿದರು:

“ಗಬ್ಬ ಐತ್ರಿ. ಗಂಡು ಕೂಡಿಸಿದ್ದು ಯಾವಾಗ?”

ಗದ್ದಲ ನಿಂತಿತು. ಕಟ್ಟೆಯ ಮೇಲಿನ ಒಬ್ಬರು, “ವರದಿಗಾರ್ರು ಗಂಡು ಹುಡುಕ್ಯಾರಪಾ!” ಎಂದರು. ಇನ್ನೊಬ್ಬರು, “ತಾವಂತೂ ಆಗಲಿಲ್ಲ, ಬೆಕ್ಕಿಗರ ಲಗ್ನ ಮಾಡ್ಯಾರ ತಗೋ” ಎಂದರು. ಇಡೀ ಸಾಲು ನಕ್ಕಿತು.

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಎರಡು ದಿನಗಳ ಹೆಸರು, ಒಂದು ಹುಣ್ಣಿಮೆ. ನನ್ನ ಬಾಯಿಂದ ಬಂದದ್ದು ಬೇರೆ.

“ಗೊತ್ತಿಲ್ರಿ. ನಮ್ಮದಲ್ಲ ಅದು. ಬಾಜೂ ಮನಿಯವರದು.”

ಡಾಕ್ಟರು ಸಾಲಿನ ಕಡೆ ನೋಡಿದರು. ನಾಗಪ್ಪ ಎಮ್ಮೆಯ ಹಗ್ಗ ಬಿಗಿಹಿಡಿದು, ನನ್ನ ಮುಖ ನೋಡದೆ, “ಹೌದ್ರಿ ಡಾಕ್ಟರ್ರ. ಆ ಬಾಜೂದವರದು” ಎಂದ. ಮರ್ಯಾದೆ ಉಳಿಸಲು ನನ್ನ ಸುಳ್ಳಿಗೆ ಹೆಗಲು ಕೊಟ್ಟ. ಅದಕ್ಕಿಂತ ಅವನು ನಕ್ಕಿದ್ದರೆ ಒಳ್ಳೆಯದಿತ್ತು.

“ಜ್ವರ ಇಲ್ಲ” ಎಂದರು ಡಾಕ್ಟರು. “ದಿನಾ ಗೊತ್ತಿಲ್ಲಂದ್ರ ನಾ ಅವಸರ ಮಾಡೂಹಂಗಿಲ್ರಿ. ದಿನಾ ತುಂಬದ ಮರಿ ತಗದ್ರ ಉಳಿಯೂದಿಲ್ಲ. ದಿನಾ ಮೀರಿದ್ದು ಬಿಟ್ರೂ ಉಳಿಯೂದಿಲ್ಲ. ಮಾಲಕರನ್ನ ಕೇಳಿ ಇವತ್ತಽ ಫೋನ್ ಮಾಡ್ರಿ.” ಒಂದು ಚೀಟಿಯಲ್ಲಿ ನಂಬರು ಬರೆದುಕೊಟ್ಟರು.

ಹಾದಿಯಲ್ಲಿ ಎರಡು ಸಲ ಗಾಡಿ ನಿಲ್ಲಿಸಿದೆ. ಫೋನು ಮಾಡಿದರೆ ಮೊದಲ ಮಾತಾಗಿ ಬೆಕ್ಕು ನಮ್ಮದೆಂದು ಹೇಳಬೇಕಿತ್ತು. ಸುತ್ತ ಕರಿ ಹೊಲ, ಕಡಲೆ ಬೆಳೆ. ಕೇಳುವವರು ಯಾರೂ ಇರಲಿಲ್ಲ. ಆದರೂ ಮಾಡಲಿಲ್ಲ. ಒಂದೆರಡು ದಿನದಲ್ಲಿ ತಾನಾಗಿಯೇ ಹಾಕುತ್ತದೆ ಎಂದುಕೊಂಡೆ. ಮನೆಯಲ್ಲಿ ಅಕ್ಕ ಬಾಗಿಲಲ್ಲೇ ಕುಳಿತಿದ್ದಳು.

“ದಿನಾ ಹೇಳಿದೇನು?”

“ಹೇಳಿದೆ.”

“ಏನಂದ್ರು?”

“ಕಾಯ್ರಿ ಅಂದ್ರು.”

ಅಂದು ಸಂಜೆ ಕಾಲುವೆ ನೀರಿನ ಸಭೆಯ ಸುದ್ದಿ ಕಳಿಸಿದೆ. ಅದರಲ್ಲಿ ಯಾರು, ಏನು, ಎಲ್ಲಿ, ಯಾವಾಗ ಎಲ್ಲ ಇದ್ದವು.

ಮರುದಿನ ಮಧ್ಯಾಹ್ನ ಪೆಟ್ಟಿಗೆಯ ಸೀರೆಯ ಮೇಲೆ ಹಸಿರು ಕಲೆ ಕಂಡಿತು. ಮರಿ ಬರಲಿಲ್ಲ. ಅಕ್ಕ ಟೀಚರಿಗೆ ಫೋನು ಹಚ್ಚಿದಳು. ಅವರ ದನಿ ನಾನು ನಿಂತಲ್ಲಿಗೂ ಕೇಳಿಸಿತು: “ಮರಿಗಿಂತ ಮೊದಲು ಹಸರು ಬಂತಂದ್ರ ಒಂದು ನಿಮಿಷ ಕಾಯಬಾರದ್ರಿ! ಎದ್ದು ಹೋಗ್ರಿ!” ಅಕ್ಕ ಮೊಣಕಾಲನ್ನು ಮರೆತು ಎದ್ದಳು. ನಾಗಪ್ಪ ಕರೆಯದೆಯೇ ತನ್ನ ಜೀಪು ತಂದ. ಅಕ್ಕ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ಕುಳಿತಳು, ನಾನು ಹಿಂದೆ.

ದವಾಖಾನೆಯಲ್ಲಿ ಡಾಕ್ಟರು ಬುಟ್ಟಿಯನ್ನು ಗುರುತಿಸಿ, ಅಕ್ಕನನ್ನು ನೋಡಿದರು.

“ನೀವಽ ಏನ್ರಿ ಇವರ ಬಾಜೂ ಮನಿಯವರು? ನಿನ್ನೆ ನಿಮಗ ಫೋನ್ ಮಾಡಾಕ ಹೇಳಿದ್ನೆಲ್ರಿ. ಗಂಡು ಕೂಡಿಸಿದ ದಿನಾ ಯಾವುದು?”

ಅಕ್ಕ ತಿರುಗಿ ನನ್ನನ್ನು ನೋಡಿದಳು. ಆಮೇಲೆ ನಾಗಪ್ಪನನ್ನು ನೋಡಿದಳು. ಅವನು ನೆಲ ನೋಡುತ್ತಿದ್ದ. ನಿನ್ನೆ ಏನು ನಡೆಯಿತೆಂದು ಆಕೆಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

“ಹೌದ್ರಿ” ಎಂದಳು. “ಬಾಜೂ ಮನಿಯಾಕಿನಽ ನಾನು. ಶೀಗಿ ಹುಣ್ಣಿಮಿ ಹಿಂದಿನ ವಾರ ಮಂಗಳವಾರ ಒಂದು ಸಲ, ಬುಧವಾರ ಒಂದು ಸಲ. ಕಲಘಟಗಿ ಗಂಡು. ಇದು ಚೊಚ್ಚಲ.”

ಸಾಲಿನಲ್ಲಿದ್ದವರೆಲ್ಲ ಕೇಳುವಂತೆ, ಜಂಪರಿನ ಅಳತೆ ಹೇಳಿದಷ್ಟೇ ಸ್ಪಷ್ಟವಾಗಿ ಹೇಳಿದಳು. ಯಾರೂ ನಗಲಿಲ್ಲ.

ಡಾಕ್ಟರು ಮನಸ್ಸಿನಲ್ಲೇ ಲೆಕ್ಕ ಹಾಕಿ, ಒಂದು ಸೂಜಿ ಚುಚ್ಚಿ, ಕೂಡಲೇ ಧಾರವಾಡದ ದೊಡ್ಡ ದವಾಖಾನೆಗೆ ಒಯ್ಯಲು ಹೇಳಿದರು. ಅಲ್ಲಿ ಹೊಟ್ಟೆ ಕೊಯ್ದು ತೆಗೆದರು. ನಾಲ್ಕು ಮರಿಗಳಲ್ಲಿ ಮೂರು ಸತ್ತಿದ್ದವು. ಒಂದು ಬದುಕಿತ್ತು. ಗರ್ಭಕೋಶವನ್ನು ಉಳಿಸಲಾಗಲಿಲ್ಲ. ಅಲ್ಲಿಯ ಡಾಕ್ಟರು, “ನಿನ್ನೇನಽ...” ಎಂದು ಶುರುಮಾಡಿ, ಅಕ್ಕನ ಮುಖ ನೋಡಿ ಮಾತು ನಿಲ್ಲಿಸಿದರು.

ಮನೆಗೆ ಬಂದ ಮೇಲೆ ಅಕ್ಕ ಜಗಳವಾಡಲಿಲ್ಲ. ಜಗಳವಾಡಿದ್ದರೆ ನನಗೂ ಒಂದೆರಡು ಮಾತು ಸಿಗುತ್ತಿದ್ದವು. ಆ ಸಂಜೆ ತಾಟಿಗೆ ರೊಟ್ಟಿ ಹಾಕಿ, ನನ್ನ ಮುಂದೆ ಇಟ್ಟು, “ತಗೋರಿ ಬಾಜೂ ಮನಿಯವರ” ಎಂದಳು. ಐವತ್ತು ವರ್ಷ ಲೇ ಎಂದು ಕರೆದವಳು ರೀ ಎಂದಳು. ಊರಿನವರು ನನಗೆ ಕೊಡುವ ಮರ್ಯಾದೆ ಕಡಿಮೆಯಾಗಬಾರದೆಂದು ನಾನು ಇಷ್ಟೆಲ್ಲ ಮಾಡಿದ್ದೆ. ಅದೇ ಮರ್ಯಾದೆಯನ್ನು ಆಕೆ ತಾಟಿನಲ್ಲಿ ಹಾಕಿ ಕೊಟ್ಟಳು.

ಬೆಕ್ಕು ಸಾಕಿ ಮರಿ ಮಾಡಿಸಲು ಹೊರಟವರು ಯಾರಾದರೂ ಇದನ್ನು ಓದುತ್ತಿದ್ದರೆ, ಲಸಿಕೆ, ರಕ್ತ ತಪಾಸಣೆ, ಕತ್ತಲೆ ಮೂಲೆ, ಹಳೆಯ ಸೀರೆ ಎಲ್ಲವೂ ಬೇಕು; ಅವನ್ನು ನನಗಿಂತ ತಿಳಿದವರು ಹೇಳುತ್ತಾರೆ. ನಾನು ಹೇಳಬಲ್ಲದ್ದು ಇಷ್ಟೇ. ನಾಲ್ಕು ಜನರ ಮುಂದೆ ನಿಂತು ‘ಇದು ನಮ್ಮದು’ ಎಂದು ಹೇಳಲು ಬರುತ್ತದೆಯೇ ಎಂದು ಮೊದಲು ಮನೆಯ ಕನ್ನಡಿಯ ಮುಂದೆ ಪರೀಕ್ಷೆ ಮಾಡಿಕೊಳ್ಳಿ. ಬರದಿದ್ದರೆ ಕೋಳಿ ಸಾಕಿ. ಕೋಳಿಯ ಬಗ್ಗೆ ಯಾರೂ ಏನೂ ಕೇಳುವುದಿಲ್ಲ.

ಬೆಣ್ಣಿ ಉಳಿಯಿತು. ಮರಿಯೂ ಉಳಿಯಿತು: ಹೆಣ್ಣು, ಸಕ್ರಿಯ ಬೂದು ಬಣ್ಣ. ಹೊಲಿಗೆ ಹಾಕಿದ ಹೊಟ್ಟೆಯ ಪಕ್ಕದಲ್ಲಿ ಅದನ್ನು ಹಿಡಿದು ಹಾಲು ಕುಡಿಸುವ ಕೆಲಸ ಅಕ್ಕನದಾಗಿತ್ತು. ಆ ಒಂದು ಮರಿ ನಮ್ಮದಲ್ಲವೆಂದು ನನಗೆ ನೆನಪಾದದ್ದು ಸಂಕ್ರಾಂತಿಯ ಹೊತ್ತಿಗೆ.

“ಟೀಚರಿಗೆ ಕೇಳೂಣು ಅಕ್ಕಾ. ಒಂದಽ ಐತಿ, ಇದನ್ನ ನಮಗಽ ಬಿಡ್ರಿ ಅಂತ. ಬೆಣ್ಣಿಗಂತೂ ಇನ್ನ ಆಗೂದಿಲ್ಲ. ಈ ಮರಿಯಿಂದರ ನಿನ್ನ ಕೆಲಸ ಮುಂದ ನಡೀತೈತಿ.”

“ಕಬೂಲ್ ಅಂದೇನಿ” ಎಂದಳು ಅಕ್ಕ. “ನಾ ಒಂದು ಮಾತು ಅಂದ್ರ ಅದು ನಂದಽ ಇರತೈತಿ.”

ಮರಿಗಳನ್ನು ತಾಯಿಯಿಂದ ಮೂರು ತಿಂಗಳಾಗುವ ಮೊದಲು ಅಗಲಿಸಬಾರದು. ಹೋಳಿ ಹುಣ್ಣಿಮೆ ಕಳೆದ ಭಾನುವಾರ ಟೀಚರ್ ತಾವೇ ಮೊರಬಕ್ಕೆ ಬಂದರು. ಬೆಣ್ಣಿಯ ಹೊಟ್ಟೆಯ ಗಾಯದ ಗುರುತು ಮುಟ್ಟಿ ನೋಡಿದರು. ಮರಿಯನ್ನು ಎತ್ತಿ, ಕಿವಿ ನೋಡಿ, ತಮ್ಮ ಚೀಲದಲ್ಲಿ ಇಟ್ಟುಕೊಂಡರು. ಅಕ್ಕ ಅದರ ಹಾಸಿಗೆ ಬಟ್ಟೆಯನ್ನು ಮಡಚಿ ಕೊಟ್ಟಳು. ನಾನು ಚಹಾ ತಂದುಕೊಟ್ಟೆ. ಏನು ನಡೆಯಿತೆಂದು ಅವರಿಗೆ ಮೊದಲೇ ಗೊತ್ತಿತ್ತು ಎಂಬುದು, ಅವರು ಕಪ್ಪು ತೆಗೆದುಕೊಂಡ ರೀತಿಯಿಂದ ನನಗೆ ತಿಳಿಯಿತು.

ನಮ್ಮ ಕಡೆ ಕುರಿ, ಆಕಳುಗಳನ್ನು ಪಾಲಿಗೆ ಕೊಡುತ್ತಾರೆ. ಒಬ್ಬರ ಹೆಣ್ಣು ಪ್ರಾಣಿಯನ್ನು ಇನ್ನೊಬ್ಬರು ಸಾಕುತ್ತಾರೆ, ಹುಟ್ಟಿದ ಮರಿಗಳನ್ನು ಅರ್ಧ ಅರ್ಧ ಹಂಚಿಕೊಳ್ಳುತ್ತಾರೆ. ಬೆಕ್ಕನ್ನು ಪಾಲಿಗೆ ಕೊಟ್ಟದ್ದನ್ನು ನಾನು ಕೇಳಿರಲಿಲ್ಲ. ಟೀಚರ್ ಚಹಾ ಮುಗಿಸಿ ಅಕ್ಕನಿಗೆ ಹೇಳಿದರು:

“ಗಂಗವ್ವಾರ, ನನ್ನ ಕಡೆ ಒಂದು ಕರೇ ಹೆಣ್ಣು ಐತಿ. ಪಾಲಿಗೆ ಒಯ್ರಿ. ನಿಮ್ಮ ಕೈಗುಣ ನೋಡೇನಿ. ಆದ್ರ ಒಂದು ಮಾತು. ದವಾಖಾನಿಗೆ ಒಯ್ಯೂದು ಬಂತಂದ್ರ ನೀವಽ ಒಯ್ಯಬೇಕು, ಇಲ್ಲಾ ಆ ಟ್ರ್ಯಾಕ್ಟರ್ ನಾಗಪ್ಪಗ ಹೇಳಬೇಕು. ಇವರ ಕೈಯಾಗ ಕೊಡಬಾರದು.”

ಅವರು ಗದ್ದ ಎತ್ತಿ ನನ್ನ ಕಡೆ ತೋರಿಸಿದರು. ನಾನು ಖಾಲಿ ಕಪ್ಪುಗಳನ್ನು ಎತ್ತಿಕೊಳ್ಳುತ್ತಿದ್ದೆ.

“ಕಬೂಲ್ ರಿ” ಎಂದಳು ಅಕ್ಕ.

ಇಂದು ಬೆಳಿಗ್ಗೆ ಅಕ್ಕ ಆ ಕರಿ ಹೆಣ್ಣನ್ನು ತರಲು ನಾಗಪ್ಪನ ಜೀಪಿನಲ್ಲಿ ಕಲಘಟಗಿಗೆ ಹೊರಟಳು. ನಾನೂ ಬರುತ್ತೇನೆಂದೆ, ಬೇಡವೆಂದಳು. ಮಧ್ಯಾಹ್ನದ ಹೊತ್ತಿಗೆ ಬಂದ ಮಾಹಿತಿಯಂತೆ ಅವರು ಹುಬ್ಬಳ್ಳಿ ದಾಟಿದ್ದಾರೆ.